ಐದನೇ ಮಹಡಿಯ ಕರೆಗಂಟೆ

ಕುತಾಯಿಸಿಯ ರೇಷ್ಮೆ ಗಿರಣಿ ಮುಚ್ಚಿ ಎಷ್ಟೋ ವರ್ಷ.
ಮಗ್ಗಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು.
ಸದ್ದು ಮಾತ್ರ ಲಮಾರಾಳ ಕಿವಿಯಲ್ಲೇ ಉಳಿಯಿತು,
ಬೇರೆ ಯಾವ ಸದ್ದಿಗೂ ಜಾಗ ಬಿಡದೆ.

ನಾನು ಜುಂಬೆರ್, ವೈರು ಎಳೆಯುವವನು.
ನಾಣ್ಯ ಹಾಕಿದರಷ್ಟೇ ಏರುವ ಲಿಫ್ಟು
ಅವತ್ತು ನಾಣ್ಯ ನುಂಗಿ ಸುಮ್ಮನಾಯಿತು.
ಏಣಿ ಹೊತ್ತು ಐದು ಮಹಡಿ ಹತ್ತಿ
ಬಾಗಿಲು ಬಡಿದೆ.
ಬಡಿದ ಮೇಲೆ ಹೊಳೆಯಿತು, ಎಂಥ ದಡ್ಡ ನಾನು!
ಬಂದ ಕೆಲಸವೇ ಅದಲ್ಲವೇ:
ಗಂಟೆಯ ಬದಲಿಗೆ, ಒತ್ತಿದರೆ ಮಿನುಗುವ
ಒಂದು ಕೆಂಪು ದೀಪ.

ಆದರೂ ಬಾಗಿಲು ತೆರೆಯಿತು.
ಅವಳ ಕಾಲ ಬಳಿ
ಹೊಗೆಬಣ್ಣದ, ಒಂದು ಕಿವಿ ಹರಿದ ಬೆಕ್ಕು.
'ಪಿಸೋ ಹೇಳಿತು' ಅಂದಳು,
ತನ್ನ ದನಿ ತನಗೇ ಕೇಳದವರ ಹಾಗೆ
ತುಸು ಜೋರಾಗಿ.

ನಮ್ಮಪ್ಪ ಅನ್ನುತ್ತಿದ್ದ,
ನಾಯಿಗೆ ಒಡೆಯ ಬೇಕು, ಬೆಕ್ಕಿಗೆ ಒಲೆ ಸಾಕು.
ಗೋಡೆ ಕೊರೆಯುತ್ತ ನಾನೂ ಹಾಗೇ ಅಂದುಕೊಂಡಿದ್ದೆ.

ಆದರೆ ಈ ಬೆಕ್ಕು ಮಿಯಾಂವ್ ಅನ್ನುವುದಿಲ್ಲ.
ಮರಿಯಿದ್ದಾಗ ಅನ್ನುತ್ತಿತ್ತಂತೆ, ಖಾಲಿ ತಟ್ಟೆಯ ಮುಂದೆ,
ಕೆಳಮನೆಯವರ ನಿದ್ದೆ ಕೆಡುವಷ್ಟು.
ಉತ್ತರ ಬಾರದಿದ್ದರೆ ನಾವಾದರೆ
ಇನ್ನಷ್ಟು ಕೂಗುತ್ತೇವೆ;
ಅದು ಕೂಗುವುದನ್ನೇ ಬಿಟ್ಟಿತು.
ಈಗ ಬಾಯಿ ತೆರೆಯುತ್ತದೆ, ಸದ್ದಿಲ್ಲ.
ಮೀಸೆ ಅರಳುತ್ತದೆ, ಗುಲಾಬಿ ನಾಲಿಗೆ ಕಾಣುತ್ತದೆ.
ತುಟಿ ಓದಿ ಬದುಕುವವಳಿಗೆ ಅಷ್ಟು ಸಾಲದೇ?

ಹಾಲು ಉಕ್ಕಿದರೆ ಮೊಣಕಾಲಿಗೊಂದು ಪಂಜ.
ಬಾಗಿಲಿಗೆ ಎರಡು.
ಉಗುರು ಒಳಗೆಳೆದುಕೊಂಡು, ತಟ್ಟಿ, ಕಾದು, ಮತ್ತೆ ತಟ್ಟಿ.
ಏನೂ ಇಲ್ಲದಿದ್ದಾಗ ಕೆನ್ನೆಗೆ.

ನಡುಹಗಲು ಜೋಳದ ರೊಟ್ಟಿ, ಹುಳಿಪ್ಲಮ್ಮಿನ ಗೊಜ್ಜು ತಂದಿಟ್ಟಳು.
ಬೆಕ್ಕನ್ನೆತ್ತಿ ದವಡೆಯ ಮೂಳೆಗೆ ಒತ್ತಿಕೊಂಡು
'ಇದೊಂದು ಕೇಳಿಸುತ್ತೆ' ಅಂದಳು.
'ನನ್ನ ಮಗ್ಗದ ಹಾಗೇ.
ಆದರೆ ಇದು ಯಾರಿಗೂ ಏನೂ ನೇಯುವುದಿಲ್ಲ,
ಸುಮ್ಮನೆ ನಡೆಯುತ್ತೆ.'
ಸದ್ಯ, ನನ್ನ ಬಾಯಲ್ಲಿ ರೊಟ್ಟಿಯಿತ್ತು.

ಸಂಜೆಗೆ ದೀಪ ಹತ್ತಿತು.
ಪಿಸೋ ಕಪಾಟು ಹತ್ತಿ ಬಲ್ಬು ಮೂಸಿತು,
ಅದಕ್ಕೆ ಬೆನ್ನು ಕೊಟ್ಟು ಕೂತು
ನನ್ನನ್ನೊಮ್ಮೆ ನೋಡಿತು.
ಗಿರಣಿಗೆ ಬೀಗ ಬಿದ್ದ ದಿನ
ಗೇಟಿನ ಹೊರಗೆ ನಿಂತ ಹೆಂಗಸರ ಕಣ್ಣು
ನಾನು ಹುಡುಗನಾಗಿದ್ದಾಗ ಕಂಡಿದ್ದೆ.
ಕೂಲಿ ಎಣಿಸಿಕೊಳ್ಳಲು ಕೈ ಬರಲಿಲ್ಲ;
ಒಂದು ಜಾಡಿ ಅಕ್ರೋಟು ಸಾಕೆಂದೆ.

ತಿಂಗಳಾದ ಮೇಲೆ ಜಾಡಿ ಹಿಂತಿರುಗಿಸಲು ಹೋದೆ.
ಗುಂಡಿ ಒತ್ತಿದೆ.
ಓಣಿಯ ಕಡೆಯ ಕಿಟಕಿಗೆ ಪರದೆ ಅರ್ಧವೇ ಎಳೆದಿತ್ತು.
ಕೆಂಪು ಬೆಳಕು ಅವಳ ಹೊಲಿಗೆಯ ಮೇಲೆ ಬಿತ್ತು, ಕೈಯ ಮೇಲೆ,
ಕನ್ನಡಕದ ಎರಡೂ ಗಾಜಿನ ಮೇಲೆ.
ಕತ್ತೆತ್ತಿ ನೋಡಿದಳು. ಆಣೆ ಇಟ್ಟು ಹೇಳುತ್ತೇನೆ, ನೋಡಿದಳು.
ಆಮೇಲೆ
ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ
ಕಣ್ಣು ಮುಚ್ಚಿಕೊಂಡು ಕೂತಳು.

ಕಪಾಟಿನಿಂದ ಇಳಿದು,
ಮೈಮುರಿದು,
ಅವಸರವಿಲ್ಲದೆ ನಡೆದು ಬಂದು
ಎರಡು ಸಲ ತಟ್ಟಿತು ಅದು.
ಆಗ ಬೆಚ್ಚಿದಳು, ಈಗಷ್ಟೇ ಗೊತ್ತಾದವಳಂತೆ:
'ಹೌದೇ? ಯಾರೋ ಬಂದರೇ?'

ಕಣ್ಣು ಮುಚ್ಚಿ ಹಾಲು ಕುಡಿಯುವುದು
ಬೆಕ್ಕು ಅನ್ನುತ್ತಾರೆ ಲೋಕದಲ್ಲಿ.
ನಾನು ಯಾರಿಗೂ ಹೇಳಲಿಲ್ಲ.
ಖಾಲಿ ಜಾಡಿ ಹಿಡಿದು
ಇಬ್ಬರೂ ಬರುವ ತನಕ
ಹೊರಗೇ ನಿಂತಿದ್ದೆ.